ಗೇಮ್ ಆಡ್ತಾ ಫಿಸಿಕ್ಸ್ ಬರುತ್ತಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಪತ್ರಗಳೇ ಜಾಸ್ತಿ. ಹೆಚ್ಚಿನವು ಮೊಬೈಲ್ ಗೇಮ್ ಬಗ್ಗೆ. ಕೆಲವರಿಗೆ ಸಿಟ್ಟು, ಕೆಲವರಿಗೆ ಕುತೂಹಲ. ಒಂದೆರಡು ಪ್ರಶ್ನೆ ಎಷ್ಟು ಚೆನ್ನಾಗಿವೆ ಅಂದ್ರೆ ಎರಡು ಸಾಲಿನಲ್ಲಿ ಉತ್ತರ ಹೇಳಿ ಮುಗಿಸೋಕೆ ಮನಸ್ಸು ಬರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು. ಕೈಗೆ ಮೊಬೈಲ್ ಸಿಕ್ಕರೆ ಸಾಕು, ಆ್ಯಂಗ್ರಿ ಬರ್ಡ್ಸ್ ಶುರು. ಬೈದರೆ "ಅವ್ವಾ, ಇದು ಫಿಸಿಕ್ಸ್, ನಮ್ಮ ಪಾಠದಾಗ ಇರೋದೇ ಇದು" ಅಂತಾನೆ. ವಿಜ್ಞಾನದಲ್ಲಿ ಮಾರ್ಕ್ಸ್ ನೋಡಿದರೆ ಹಾಗೆ ಕಾಣಲ್ಲ. ಅವನು ಹೇಳೋದು ನಿಜಾನಾ, ನನಗೆ ಟೋಪಿ ಹಾಕ್ತಿದ್ದಾನಾ?
— ಒಬ್ಬ ತಾಯಿ, ಸಿಂಧನೂರು

ಅಕ್ಕಾ, ಟೋಪಿ ಹಾಕ್ತಿಲ್ಲ. ಆದ್ರೆ ಅವನು ಹೇಳೋದರಲ್ಲಿ ಅರ್ಧ ಮಾತ್ರ ನಿಜ. ಕವಣೆಯಿಂದ ಹಕ್ಕಿ ಹಾರಿಸಿ ಗುರಿಗೆ ಹೊಡೆಯುವ ಆ ಆಟದ ಒಳಗೆ ಫಿಸಿಕ್ಸ್ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ಆಡಿದವರ ತಲೆಗೆ ಅದು ತಾನಾಗಿ ಇಳಿಯುವುದಿಲ್ಲ. ಬೆರಳಿಗೆ ಒಂದು ಅಂದಾಜು ಬರುತ್ತದೆ. ಇಷ್ಟು ಎಳೆದು, ಇಷ್ಟು ಮೇಲಕ್ಕೆ ಗುರಿ ಇಟ್ಟರೆ ಹಕ್ಕಿ ಅಲ್ಲಿ ಹೋಗಿ ಬೀಳುತ್ತದೆ ಅಂತ. ಜೋಳದ ಹೊಲ ಕಾಯುತ್ತಾ ಕವಣೆ ಬೀಸಿದವರಿಗೂ ಇದೇ ಅಂದಾಜು ಇರುತ್ತದೆ, ಯಾವ ಸೂತ್ರವನ್ನೂ ಓದದೆ. ಅದು ಬೆಲೆಯುಳ್ಳ ತಿಳಿವಳಿಕೆ, ಸುಮ್ನೆ ಬಿಸಾಡಬೇಡಿ. ಆದರೆ ಅದರ ಜೊತೆ "ಯಾಕೆ" ಅನ್ನುವ ಪ್ರಶ್ನೆ ಸೇರಬೇಕು, ಒಂದು ಪೆನ್ಸಿಲ್ಲು, ಒಂದು ಸ್ಕೇಲು ಸೇರಬೇಕು. ಆಗ ಅದು ಪಾಠ ಆಗುತ್ತದೆ.

ಹೇಗೆ ಅಂತ ಹೇಳ್ತೀನಿ. ಮೊಬೈಲಿನಲ್ಲಿ ಸ್ಕ್ರೀನ್ ರೆಕಾರ್ಡ್ ಹಾಕಿಕೊಂಡು ಅವನು ಒಂದು ಹಕ್ಕಿ ಬಿಡಲಿ. ಇಡೀ ಮೈದಾನ ಕಾಣುವ ಹಾಗೆ ಪರದೆಯನ್ನು ಎರಡು ಬೆರಳಿನಿಂದ ಸಣ್ಣದು ಮಾಡಿಕೊಳ್ಳಲಿ, ಯಾಕಂದ್ರೆ ಹಕ್ಕಿಯ ಹಿಂದೆ ಪರದೆಯೂ ಸರಿದರೆ ಅಳತೆ ಕೆಡುತ್ತದೆ. ಆಮೇಲೆ ಆ ವಿಡಿಯೊವನ್ನು ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಾ, ಸಮ ಸಮ ಹೊತ್ತಿಗೆ ಹಕ್ಕಿ ಎಲ್ಲಿತ್ತು ಅಂತ ಪರದೆಯ ಮೇಲಿಟ್ಟ ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಚುಕ್ಕಿ ಇಡಲಿ. ಸೆಕೆಂಡಿಗೆ 30 ಚಿತ್ರ ಇರುವ ವಿಡಿಯೊ ಆದರೆ ಪ್ರತಿ ಮೂರನೇ ಚಿತ್ರ ಅಂದ್ರೆ 0.1 ಸೆಕೆಂಡು. ಚುಕ್ಕಿಗಳು ಸಿಕ್ಕ ಮೇಲೆ ಸ್ಕೇಲ್ ಹಿಡಿದು ಅಳೆಯಲಿ. ಅಡ್ಡಕ್ಕೆ ಅಳೆದರೆ ಚುಕ್ಕಿಯಿಂದ ಚುಕ್ಕಿಗೆ ದೂರ ಹೆಚ್ಚು ಕಡಿಮೆ ಒಂದೇ. ಉದ್ದಕ್ಕೆ, ಅಂದ್ರೆ ಮೇಲಿಂದ ಕೆಳಕ್ಕೆ ಅಳೆದರೆ ಹಾಗಿಲ್ಲ. ತುದಿ ಮುಟ್ಟಿದ ಜಾಗದಿಂದ ಹಿಡಿದು ಮೊದಲ ಹೊತ್ತಿಗೆ 1 ಪಾಲು ಇಳಿದರೆ ಮುಂದಿನದಕ್ಕೆ 3 ಪಾಲು, ಆಮೇಲೆ 5, ಆಮೇಲೆ 7. ಬೀಳುವ ವಸ್ತು ಹೀಗೆ ಬೆಸ ಸಂಖ್ಯೆಗಳ ಲೆಕ್ಕದಲ್ಲಿ ಇಳಿಯುತ್ತದೆ ಅಂತ ಗೆಲಿಲಿಯೊ ನಾನೂರು ವರ್ಷಗಳ ಹಿಂದೆ, ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಕಂಡುಕೊಂಡ. ಅದೇ ಲೆಕ್ಕ ನಿಮ್ಮ ಮಗನ ಕೈಯಲ್ಲಿರುವ ಮೊಬೈಲಿನಿಂದ ಬಂದಾಗ ಅವನ ಮುಖ ನೋಡಿ ಅಕ್ಕಾ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಗಳಿಗೆ ಅದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅಮೆರಿಕದ ಭೌತಶಾಸ್ತ್ರ ಅಧ್ಯಾಪಕ ರೆಟ್ ಅಲೈನ್ 2010ರಲ್ಲಿ ಇದನ್ನೇ ಮಾಡಿದರು. ಆಟದಲ್ಲೂ ಭೂಮಿಯ ಹಾಗೆ ಬೀಳುವ ವೇಗ ಪ್ರತಿ ಸೆಕೆಂಡೂ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ ಅಂತ ಇಟ್ಟುಕೊಂಡರೆ, ತುದಿಯಿಂದ ಒಂದು ಸೆಕೆಂಡಿನಲ್ಲಿ ಹಕ್ಕಿ 4.9 ಮೀಟರ್ ಇಳಿಯಬೇಕು. ಪರದೆಯ ಮೇಲೆ ಅದು ಎಷ್ಟು ಉದ್ದವೋ ಅದೇ ಅಳತೆಗೋಲು. ಅದರಿಂದ ಆ ಕವಣೆಯನ್ನು ಅಳೆದರೆ ಅದರ ಎತ್ತರ ಸುಮಾರು 5 ಮೀಟರ್, ಅಂದ್ರೆ ಮೂರು ಆಳೆತ್ತರ! ಹಾಗಾದರೆ ಹಕ್ಕಿ ಎಷ್ಟು ದಪ್ಪ? ಅದು ನಿಮ್ಮ ಮಗನಿಗೆ ಹೋಂವರ್ಕ್.

ಇನ್ನು ಮಾರ್ಕ್ಸ್ ವಿಷಯ. ಆಟ ಅವನಿಗೆ ವೇಗ, ವೇಗೋತ್ಕರ್ಷ (ವೇಗ ಬದಲಾಗುವ ದರ) ಅನ್ನುವ ಮಾತು ಕೊಡುವುದಿಲ್ಲ, ಪರೀಕ್ಷೆ ಕೇಳುವುದು ಆ ಮಾತನ್ನೇ. ಅದಕ್ಕೇ ಆಡೋಕೆ ಮೊದಲು ನೀವು ಕೇಳಿ. ತೀರ ಮೇಲೆ ಹೋದಾಗ ಹಕ್ಕಿಯ ವೇಗ ಸೊನ್ನೆ ಆಗುತ್ತಾ? ಹೆಚ್ಚಿನ ಮಕ್ಕಳು ಹೌದು ಅಂತಾರೆ. ಅಲ್ಲ, ಮೇಲೆ ಹೋಗುವ ವೇಗ ಮಾತ್ರ ಸೊನ್ನೆ, ಮುಂದೆ ಹೋಗುವ ವೇಗ ಹಾಗೇ ಇರುತ್ತದೆ, ಇಲ್ಲದಿದ್ದರೆ ಅಲ್ಲಿಂದ ನೆಟ್ಟಗೆ ಕೆಳಗೆ ಬೀಳಬೇಕಿತ್ತು. ಹಳದಿ ಹಕ್ಕಿಯನ್ನು ಗಾಳಿಯಲ್ಲಿ ಮುಟ್ಟಿದ ತಕ್ಷಣ ಸರ್ರನೆ ವೇಗ ಏರುತ್ತದಲ್ಲ, ಅದು ಏನನ್ನು ಹಿಂದಕ್ಕೆ ತಳ್ಳಿ ಮುಂದೆ ಹೋಯಿತು? ಏನನ್ನೂ ಅಲ್ಲ. ಒಂದನ್ನು ತಳ್ಳಿದರೆ ಅದೂ ಅಷ್ಟೇ ಬಲದಿಂದ ತಿರುಗಿ ತಳ್ಳುತ್ತದೆ ಅನ್ನುವ ನ್ಯೂಟನ್‌ನ ಮೂರನೇ ನಿಯಮವನ್ನು ಆಟ ಅಲ್ಲಿ ಬಿಟ್ಟುಕೊಟ್ಟಿದೆ. ಈ ಉತ್ತರ ಅವನ ಬಾಯಲ್ಲಿ ಬಂದರೆ ಅವನು ಕಲಿತಿದ್ದಾನೆ. ಬರದಿದ್ದರೆ ಆಟ ಆಡಿದ್ದಾನೆ ಅಷ್ಟೇ, ಅದೂ ತಪ್ಪಲ್ಲ, ಆದರೆ ಅದನ್ನು ಓದು ಅಂತ ಲೆಕ್ಕ ಹಾಕಬೇಡಿ.

ಪ್ರಶ್ನೆ: ಹಿಲ್ ಕ್ಲೈಂಬ್ ರೇಸಿಂಗ್‌ನಲ್ಲಿ ಗುಡ್ಡ ಹತ್ತುವಾಗ ಜೋರಾಗಿ ಗ್ಯಾಸ್ ಒತ್ತಿದರೆ ಗಾಡಿ ಮುಂದಿನ ಗಾಲಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ನಮ್ಮ ಮನೆಯ ಟ್ರ್ಯಾಕ್ಟರೂ ಗದ್ದೆಯಿಂದ ಲೋಡ್ ಎಳೆಯುವಾಗ ಮೂತಿ ಎತ್ತುತ್ತದೆ. ಎರಡೂ ಒಂದೇನಾ?
— ಪಿಯುಸಿ ವಿದ್ಯಾರ್ಥಿ, ಗಂಗಾವತಿ

ಒಂದೇ ತಮ್ಮಾ. ಈ ಪ್ರಶ್ನೆ ಕೇಳಿದ್ದಕ್ಕೆ ನಿಜಕ್ಕೂ ಖುಷಿ ಆಯಿತು, ಯಾಕಂದ್ರೆ ಇದು ಬರೀ ಮಾರ್ಕ್ಸಿನ ಮಾತಲ್ಲ, ಜೀವದ ಮಾತು.

ಎಂಜಿನ್ ಹಿಂದಿನ ಗಾಲಿಯನ್ನು ಮುಂದಕ್ಕೆ ತಿರುಗಿಸಲು ಬಲ ಹಾಕಿದಾಗ, ಅಷ್ಟೇ ಬಲ ಟ್ರ್ಯಾಕ್ಟರಿನ ಮೈಯನ್ನು ಹಿಂದಿನ ಆ್ಯಕ್ಸಲ್ ಸುತ್ತ ಉಲ್ಟಾ ತಿರುಗಿಸಲು ನೋಡುತ್ತದೆ. ಅಂದ್ರೆ ಮೂತಿ ಮೇಲಕ್ಕೆ. ಅದನ್ನು ಕೆಳಗೆ ಹಿಡಿದಿರುವುದು ಮುಂಭಾಗದ ತೂಕ. ಸಮ ನೆಲದಲ್ಲಿ ಆ ತೂಕ ಗೆಲ್ಲುತ್ತದೆ. ಏರು ಹತ್ತುವಾಗ ಗುರುತ್ವ ಕೇಂದ್ರದಿಂದ ಕೆಳಕ್ಕೆ ಎಳೆದ ಗೆರೆ ಹಿಂದಿನ ಗಾಲಿಯ ಹತ್ತಿರ ಸರಿಯುತ್ತದೆ, ಆಗ ಮೂತಿಯ ತೂಕಕ್ಕೆ ಸಿಗುವ ಹಿಡಿತ ಕಡಿಮೆ. ಅದರ ಮೇಲೆ ಹಿಂದೆ ಭತ್ತದ ಮೂಟೆ ತುಂಬಿದ ಟ್ರಾಲಿ ಬೇರೆ ಎಳೆಯುತ್ತಿರುತ್ತದೆ. ಕೆಸರಿನಲ್ಲಿ ಹಿಂದಿನ ಗಾಲಿ ಹೂತು ತಿರುಗದೆ ಸಿಕ್ಕಿಕೊಂಡರೆ ಇನ್ನೂ ಅಪಾಯ: ಗಾಲಿ ತಿರುಗಲ್ಲ, ಹಾಗಾದರೆ ತಿರುಗುವುದು ಮೈ ಮಾತ್ರ. ಮೂತಿಗೆ ಕಬ್ಬಿಣದ ತೂಕಗಳನ್ನು ಸಿಕ್ಕಿಸುವುದು ಇದಕ್ಕೇ. ಲೋಡನ್ನು ಕೆಳಗಿನ ಹುಕ್ಕಿಗೇ ಕಟ್ಟಬೇಕು, ಆ್ಯಕ್ಸಲ್‌ಗಿಂತ ಮೇಲೆ ಎಲ್ಲೋ ಕಟ್ಟಬಾರದು ಅನ್ನುವುದೂ ಇದಕ್ಕೇ. ಕಟ್ಟಿದ ಜಾಗ ಎತ್ತರ ಇದ್ದಷ್ಟೂ ಎಳೆತ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚಲು ನೋಡುತ್ತದೆ.

ನಿನ್ನ ಆಟದಲ್ಲೂ ಟ್ರ್ಯಾಕ್ಟರ್ ಇದೆ. ಅದರಲ್ಲಿ ಒಂದು ಕಡಿದಾದ ಏರಿನ ಬುಡದಲ್ಲಿ ನಿಲ್ಲಿಸಿ, ಒಮ್ಮೆ ಪೂರ್ತಿ ಗ್ಯಾಸ್ ಒತ್ತಿ ನೋಡು, ಇನ್ನೊಮ್ಮೆ ಬಿಟ್ಟು ಬಿಟ್ಟು ಒತ್ತಿ ನೋಡು. ಆಟದಲ್ಲಿ ಡ್ರೈವರ್ ತಲೆ ನೆಲಕ್ಕೆ ಬಡಿದರೆ ಮತ್ತೆ ಮೊದಲಿಂದ ಶುರು ಮಾಡಬಹುದು. ಹೊಲದಲ್ಲಿ ಮೂತಿ ಎದ್ದು ಪೂರ್ತಿ ಮಗುಚೋಕೆ ಒಂದೆರಡು ಸೆಕೆಂಡು ಸಾಕು, ಕ್ಲಚ್ ಒತ್ತುವಷ್ಟು ಹೊತ್ತೂ ಸಿಗದೆ ಹೋಗಬಹುದು. ಆದ್ದರಿಂದ ಏರಿನಲ್ಲಿ, ಕೆಸರಿನಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಡಬಾರದು ಅಂತ ಮನೆಯಲ್ಲಿ ಗಾಡಿ ಓಡಿಸುವವರಿಗೆ ಹೇಳು, ಯಾಕೆ ಅಂತಲೂ ಹೇಳು.

ಆಟದ ಇನ್ನೊಂದು ವಿಷಯ ಗಮನಿಸಿದ್ದೀಯಾ? ಗಾಡಿ ಗಾಳಿಯಲ್ಲಿ ಹಾರುತ್ತಿರುವಾಗ ಗ್ಯಾಸ್ ಒತ್ತಿದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಒತ್ತಿದರೆ ಕೆಳಗಿಳಿಯುತ್ತದೆ. ಗಾಲಿ ಒಂದು ಕಡೆ ಜೋರಾಗಿ ತಿರುಗಿದರೆ ಮೈ ಇನ್ನೊಂದು ಕಡೆ ತಿರುಗಬೇಕು. ಗುಡ್ಡಗಳ ಮೇಲೆ ಬೈಕ್ ಹಾರಿಸುವ ರೇಸ್‌ಗಳಲ್ಲಿ ಸವಾರರು ನಿಜವಾಗಿ ಇದನ್ನು ಮಾಡುತ್ತಾರೆ. ಕಾರಿನಲ್ಲಿ ಮಾತ್ರ ಆಟ ತೋರಿಸುವಷ್ಟು ಆಗುವುದಿಲ್ಲ, ಕಾರಿನ ಮೈ ಎದುರು ಗಾಲಿಗಳು ತೀರ ಹಗುರ.

ಪ್ರಶ್ನೆ: ಸೂಪರ್ ಮಾರಿಯೊ ಜಿಗಿದ ಮೇಲೆ ಗಾಳಿಯಲ್ಲೇ ಹಿಂದಕ್ಕೆ ತಿರುಗುತ್ತಾನೆ. ಇದು ಸಾಧ್ಯಾನಾ?
— ಆರನೇ ತರಗತಿ, ಮಾನ್ವಿ

ಇಲ್ಲ ಪುಟ್ಟಾ. ಕಾಲು ನೆಲ ಬಿಟ್ಟ ಮೇಲೆ ನೀನು ಎಲ್ಲಿ ಬೀಳಬೇಕು ಅನ್ನುವುದು ಆಗಲೇ ತೀರ್ಮಾನ ಆಗಿರುತ್ತದೆ. ಗಾಳಿಯಲ್ಲಿ ಕೈಕಾಲು ಎಷ್ಟು ಬೀಸಿದರೂ ಮೈ ತಿರುಗಬಹುದು, ದಾರಿ ಬದಲಾಗದು, ತಳ್ಳೋಕೆ ಅಲ್ಲಿ ಏನೂ ಇಲ್ಲ. ಶಾಲೆಯ ಮರಳಿನಲ್ಲಿ ಉದ್ದ ಜಿಗಿತ ಮಾಡುವಾಗ ಅರ್ಧಕ್ಕೆ ವಾಪಸ್ ಬರೋಕೆ ಪ್ರಯತ್ನ ಮಾಡು, ಗೊತ್ತಾಗುತ್ತದೆ. ಆಟ ಮಾಡಿದವರಿಗೂ ಇದು ಗೊತ್ತು. ನಿಜವಾದ ಜಿಗಿತ ಇಟ್ಟರೆ ಆಟ ಆಡೋಕೆ ಬಹಳ ಕಷ್ಟ ಅಂತ ಬೇಕಂತಲೇ ಹೀಗೆ ಮಾಡಿದ್ದಾರೆ.

ಪ್ರಶ್ನೆ: ಮೊಬೈಲಿನಲ್ಲಿ ಪೂಲ್ ಆಡುವಾಗ ಬಿಳಿ ಚೆಂಡು ಇನ್ನೊಂದಕ್ಕೆ ನೇರವಾಗಿ ಬಡಿದರೆ ತಾನು ಅಲ್ಲೇ ನಿಂತುಬಿಡುತ್ತದೆ. ಮನೆಯ ಕ್ಯಾರಂ ಬೋರ್ಡಿನಲ್ಲಿ ಸ್ಟ್ರೈಕರ್ ನಿಲ್ಲುವುದೇ ಇಲ್ಲ, ಕಾಯಿಯ ಹಿಂದೆಯೇ ಹೋಗುತ್ತದೆ. ಯಾವುದು ತಪ್ಪು?
— ಏಳನೇ ತರಗತಿ ವಿದ್ಯಾರ್ಥಿನಿ, ಬಳ್ಳಾರಿ

ಎರಡೂ ಸರಿ ಮಗಳೇ! ಎಷ್ಟೋ ಜನ ದೊಡ್ಡವರು ಜೀವನ ಪೂರ್ತಿ ಕ್ಯಾರಂ ಆಡಿಯೂ ಇದನ್ನು ಗಮನಿಸಿರುವುದಿಲ್ಲ.

ಪೂಲ್ ಚೆಂಡುಗಳ ತೂಕ ಹೆಚ್ಚು ಕಡಿಮೆ ಒಂದೇ. ಒಂದೇ ತೂಕದ ಎರಡು ಚೆಂಡು ನೇರ ಬಡಿದರೆ ಓಡಿ ಬಂದದ್ದು ತನ್ನ ವೇಗವನ್ನೆಲ್ಲ ನಿಂತಿದ್ದಕ್ಕೆ ಕೊಟ್ಟು ತಾನು ನಿಲ್ಲುತ್ತದೆ. ಚೆಂಡು ಉರುಳುತ್ತಾ ಬಂದಿದ್ದರೆ ಬಡಿದ ಮೇಲೂ ಸ್ವಲ್ಪ ಮುಂದೆ ಹೋಗುತ್ತದೆ, ಆ ಮಾತು ಬೇರೆ. ಕ್ಯಾರಂನಲ್ಲಿ ಹಾಗಲ್ಲ. ಪಂದ್ಯಗಳ ನಿಯಮದ ಪ್ರಕಾರ ಕಾಯಿಯ ತೂಕ 5ರಿಂದ 5.5 ಗ್ರಾಂ, ಸ್ಟ್ರೈಕರ್ 15 ಗ್ರಾಂ ತನಕ ಇರಬಹುದು. ಮೂರು ಪಟ್ಟು ಭಾರ. ಲೆಕ್ಕ ಹಾಕಿದರೆ, 15 ಗ್ರಾಂ ಸ್ಟ್ರೈಕರ್ 5 ಗ್ರಾಂ ಕಾಯಿಗೆ ನೇರ ಬಡಿದಾಗ ಸ್ಟ್ರೈಕರ್‌ನಲ್ಲಿ ಅರ್ಧ ವೇಗ ಉಳಿಯುತ್ತದೆ, ಕಾಯಿ ಸ್ಟ್ರೈಕರ್ ಬಂದ ವೇಗದ ಒಂದೂವರೆ ಪಟ್ಟು ವೇಗದಲ್ಲಿ ಹಾರುತ್ತದೆ. ಸಂವೇಗದ, ಅಂದ್ರೆ ತೂಕವನ್ನು ವೇಗದಿಂದ ಗುಣಿಸಿದ ಲೆಕ್ಕ ನೋಡು: ಸ್ಟ್ರೈಕರ್ 10 ವೇಗದಲ್ಲಿ ಬಂದರೆ 15 ಸಲ 10, ಅಂದ್ರೆ 150. ಬಡಿದ ಮೇಲೆ ಸ್ಟ್ರೈಕರ್‌ದು 15 ಸಲ 5, 75. ಕಾಯಿಯದ್ದು 5 ಸಲ 15, ಅದೂ 75. ಕೂಡಿಸಿದರೆ ಮತ್ತೆ 150. ನಿಜವಾದ ಬೋರ್ಡಿನಲ್ಲಿ ಬಡಿತದ ಸದ್ದಿಗೆ, ಬಿಸಿಗೆ ಸ್ವಲ್ಪ ಶಕ್ತಿ ಹೋಗುತ್ತದೆ, ಹಾಗಾಗಿ ಕಾಯಿಯ ವೇಗ ಇದಕ್ಕಿಂತ ಕಡಿಮೆ ಇರುತ್ತದೆ.

ಇನ್ನೂ ಒಂದು ನೋಡು. ಪೂಲ್‌ನಲ್ಲಿ ಓರೆಯಾಗಿ ಬಡಿದರೆ ಎರಡು ಚೆಂಡು ಸುಮಾರು ಲಂಬ ಕೋನದಲ್ಲಿ, 90 ಡಿಗ್ರಿಗೆ, ಬೇರೆ ಬೇರೆ ಹೋಗುತ್ತವೆ. ಕ್ಯಾರಂನಲ್ಲಿ ಆ ಕೋನ ಅದಕ್ಕಿಂತ ಚಿಕ್ಕದು. ಬೋರ್ಡಿನ ಮೇಲೆ ಪೌಡರ್ ಜಾಸ್ತಿ ಹಾಕಿದರೆ ಗೆರೆಗಳೇ ಮೂಡುತ್ತವೆ, ಅಳೆದು ನನಗೆ ಬರೆ.

ಪ್ರಶ್ನೆ: ಗೇಮ್ ಒಳಗೆ ಈ ಗುರುತ್ವ, ಘರ್ಷಣೆ ಎಲ್ಲ ಯಾರು ಹಾಕುತ್ತಾರೆ? ಕಂಪ್ಯೂಟರಿಗೆ ನ್ಯೂಟನ್ ನಿಯಮ ಗೊತ್ತಿರುತ್ತಾ? ನನಗೆ ಮುಂದೆ ಗೇಮ್ ಮಾಡುವ ಆಸೆ.
— ಪಿಯುಸಿ ಎರಡನೇ ವರ್ಷ, ರಾಯಚೂರು

ಗೊತ್ತಿರುವುದಿಲ್ಲ, ಬರೆದು ಕೊಡಬೇಕು. ಆ ಬರೆದ ಭಾಗಕ್ಕೆ ಫಿಸಿಕ್ಸ್ ಎಂಜಿನ್ ಅಂತಾರೆ. ಆ್ಯಂಗ್ರಿ ಬರ್ಡ್ಸ್ ಒಳಗೆ ಇರುವುದು ಬಾಕ್ಸ್‌2ಡಿ ಅನ್ನುವ ಎಂಜಿನ್, ಬರೆದವರು ಎರಿನ್ ಕ್ಯಾಟೊ. ಅದು ಉಚಿತ, ಅದರ ಕೋಡ್ ಪೂರ್ತಿ ತೆರೆದಿಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ನೀವೂ.

ಒಳಗಿನ ಲೆಕ್ಕ ನಿಮ್ಮ ಪಿಯುಸಿ ಪುಸ್ತಕದಷ್ಟೂ ಕಷ್ಟ ಇಲ್ಲ. ಪುಸ್ತಕದಲ್ಲಿ ದೂರಕ್ಕೆ ಒಂದು ಸೂತ್ರ ಇರುತ್ತದೆ, ಕಾಲ ಹಾಕಿದರೆ ಉತ್ತರ ಬರುತ್ತದೆ. ಎಂಜಿನ್ ಹಾಗೆ ಮಾಡುವುದಿಲ್ಲ, ಕಾಲವನ್ನು ಸಣ್ಣ ಸಣ್ಣ ತುಂಡು ಮಾಡುತ್ತದೆ, ಹೆಚ್ಚಾಗಿ ಸೆಕೆಂಡಿನ 60ನೇ ಒಂದು ಭಾಗ, ಮತ್ತು ಪ್ರತಿ ತುಂಡಿನಲ್ಲಿ ಎರಡೇ ಕೆಲಸ ಮಾಡುತ್ತದೆ. ಮೊದಲು ವೇಗಕ್ಕೆ ಗುರುತ್ವದ ಪಾಲು ಕೂಡಿಸುತ್ತದೆ. ಆಮೇಲೆ ಆ ಹೊಸ ವೇಗದಲ್ಲಿ ವಸ್ತುವನ್ನು ಒಂದಿಷ್ಟು ಸರಿಸುತ್ತದೆ. ಅಷ್ಟೇ, ಮತ್ತೆ ಮತ್ತೆ.

ನೋಟ್‌ಬುಕ್‌ನಲ್ಲಿ ಮಾಡಿ ನೋಡಿ, ದಯವಿಟ್ಟು ಮಾಡಿ. ಕೈ ಬಿಟ್ಟ ಕಲ್ಲು ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳಬೇಕು ಅಂತ ಸೂತ್ರ ಹೇಳುತ್ತದೆ. ಇಡೀ ಸೆಕೆಂಡನ್ನು ಒಂದೇ ತುಂಡು ಅಂತ ಇಟ್ಟುಕೊಂಡರೆ ವೇಗ 9.8 ಆಗುತ್ತದೆ, ಆ ವೇಗದಲ್ಲಿ ಒಂದು ಸೆಕೆಂಡು ಸರಿಸಿದರೆ 9.8 ಮೀಟರ್. ಬರಬೇಕಾದ್ದರ ಎರಡು ಪಟ್ಟು! ಈಗ ಸೆಕೆಂಡನ್ನು ಹತ್ತು ತುಂಡು ಮಾಡಿ. ಪ್ರತಿ ಸಲ ವೇಗಕ್ಕೆ 0.98 ಕೂಡಿಸಿ, ಆ ವೇಗದ ಹತ್ತನೇ ಒಂದು ಪಾಲು ಕೆಳಗೆ ಸರಿಸಿ. ಹತ್ತು ಸಲ ಮಾಡಿದರೆ 5.39 ಬರುತ್ತದೆ. 60 ತುಂಡು ಮಾಡಿದರೆ 4.98. ತುಂಡು ಸಣ್ಣದಾದಷ್ಟೂ ಉತ್ತರ ನಿಜದ ಹತ್ತಿರ ಬರುತ್ತಾ ಹೋಗುತ್ತದೆ. ನಿಮ್ಮ ಗಣಿತದ ಕ್ಲಾಸಿನಲ್ಲಿ ಕ್ಯಾಲ್ಕ್ಯುಲಸ್ ಅಂತ ಕಾಡುತ್ತಿರುವುದು ಇದೇ ವಿಚಾರ, ಅಲ್ಲಿ ತುಂಡನ್ನು ಸೊನ್ನೆಯ ಹತ್ತಿರಕ್ಕೆ ಒಯ್ಯುತ್ತಾರೆ.

ಆಟಗಳಲ್ಲಿ ಕೆಲವೊಮ್ಮೆ ಗುಂಡು ತೆಳುವಾದ ಗೋಡೆಯನ್ನು ದಾಟಿ ಆಚೆ ಹೋಗಿಬಿಡುತ್ತದಲ್ಲ, ಅದಕ್ಕೂ ಕಾರಣ ಇದೇ. ಒಂದು ತುಂಡು ಕಾಲದಲ್ಲಿ ಗುಂಡು ಗೋಡೆಯ ಈಚೆ ಇತ್ತು, ಮುಂದಿನ ತುಂಡಿಗೆ ಆಚೆ ಬಂತು, ನಡುವೆ ಗೋಡೆ ಸಿಕ್ಕಿತು ಅಂತ ಎಂಜಿನ್‌ಗೆ ಗೊತ್ತೇ ಆಗಲಿಲ್ಲ. ಒಳ್ಳೆಯ ಎಂಜಿನ್‌ಗಳು ಜೋರಾಗಿ ಹೋಗುವ ವಸ್ತುವಿನ ನಡುವಿನ ದಾರಿಯನ್ನೂ ಪರೀಕ್ಷೆ ಮಾಡುತ್ತವೆ, ಅದಕ್ಕೆ ಕೆಲಸ ಜಾಸ್ತಿ ಹಿಡಿಯುತ್ತದೆ.

ನಿಮಗೆ ಇಷ್ಟ ಆಗಬಹುದಾದ ಒಂದು ಹಳೆಯ ಸಂಗತಿ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಅನ್ನುವ ಭೌತವಿಜ್ಞಾನಿ, ನೋಡಲು ಬರುವ ಜನರಿಗೆ ಬೇಸರ ಆಗದಿರಲಿ ಅಂತ ಒಂದು ಟೆನಿಸ್ ಆಟ ಮಾಡಿದರು. ಪರದೆ ಅಂದ್ರೆ ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೊಸ್ಕೋಪ್. ಚೆಂಡು ಗುರುತ್ವಕ್ಕೆ ಬಾಗಿ ಬರುತ್ತಿತ್ತು, ನೆಲಕ್ಕೆ ಬಿದ್ದು ಪುಟಿಯುತ್ತಿತ್ತು. ವಿಡಿಯೊ ಗೇಮ್‌ಗಳ ಚರಿತ್ರೆ ಹೇಳುವವರು ತೀರ ಮೊದಲಿಗೆ ಹೆಸರಿಸುವ ಆಟಗಳಲ್ಲಿ ಅದೂ ಒಂದು. ಗೇಮ್ ಮಾಡುವ ಆಸೆ ಇದ್ದರೆ ಫಿಸಿಕ್ಸನ್ನೂ ಗಣಿತವನ್ನೂ ಬಿಡಬೇಡಿ, ಬಣ್ಣ ಹಚ್ಚುವುದನ್ನು ಆಮೇಲೆ ಕಲಿಯಬಹುದು.

ಪ್ರಶ್ನೆ: ಬಂದೂಕಿನ ಆಟಗಳಲ್ಲಿ ದೂರದ ಶತ್ರುವಿಗೆ ಸ್ವಲ್ಪ ಮೇಲೆ ಗುರಿ ಇಡಬೇಕು ಅಂತಾರೆ. ನಿಜವಾಗಿಯೂ ಹಾಗೇನಾ? ಸದ್ದೂ ತಡವಾಗಿ ಬರುತ್ತದಾ?
— ಸಂಡೂರು

ಎರಡೂ ನಿಜ. ಸೆಕೆಂಡಿಗೆ 750 ಮೀಟರ್ ಹೋಗುವ ಗುಂಡು 300 ಮೀಟರ್ ದಾಟಲು 0.4 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು 78 ಸೆಂಟಿಮೀಟರ್ ಕೆಳಗಿಳಿಯುತ್ತದೆ, ಕೈಯಿಂದ ಬಿಟ್ಟ ಕಲ್ಲು ಅಷ್ಟು ಹೊತ್ತಿನಲ್ಲಿ ಬೀಳುವಷ್ಟೇ. ಗಾಳಿಯ ತಡೆ ಸೇರಿದರೆ ಇನ್ನೂ ಜಾಸ್ತಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ನಿಮ್ಮ ಊರಿನವರಿಗೆ ಇದನ್ನು ಆಟ ಹೇಳಿಕೊಡಬೇಕಿಲ್ಲ: ದೂರದ ಗಣಿಯಲ್ಲಿ ಬಂಡೆ ಸಿಡಿಸಿದರೆ ಧೂಳು ಮೊದಲು ಏಳುತ್ತದೆ, ಸದ್ದು ಆಮೇಲೆ. ಧೂಳು ಕಂಡಾಗಿನಿಂದ ಸದ್ದು ಕೇಳುವ ತನಕ ಸೆಕೆಂಡು ಎಣಿಸಿ 340ರಿಂದ ಗುಣಿಸಿ, ದೂರ ಸಿಗುತ್ತದೆ. ಈ ಆಟಗಳಲ್ಲಿರುವ ಫಿಸಿಕ್ಸ್ ಇಷ್ಟೇ. ಇದಕ್ಕಾಗಿ ಚಿಕ್ಕ ಮಕ್ಕಳ ಕೈಗೆ ಗಂಟೆಗಟ್ಟಲೆ ಬಂದೂಕಿನ ಆಟ ಕೊಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ರಾಕೆಟ್ ಕಟ್ಟಿ ಹಾರಿಸುವ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಅನ್ನುವ ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ಒಂದೇ ಕಕ್ಷೆಯಲ್ಲಿ ಮುಂದಿರುವ ನೌಕೆಯನ್ನು ಹಿಡಿಯಲು ವೇಗ ಹೆಚ್ಚಿಸಿದಷ್ಟೂ ಹಿಂದೆ ಬೀಳುತ್ತೇನೆ. ಆಟದಲ್ಲಿ ದೋಷ ಇದೆಯಾ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ

ದೋಷ ಇಲ್ಲ, ಆಟದ ಶ್ರೇಷ್ಠತೆಯೇ ಅದು. ಕಕ್ಷೆಯಲ್ಲಿ ಮುಂದಕ್ಕೆ ಎಂಜಿನ್ ಹಚ್ಚಿದರೆ ನಿಮ್ಮ ಕಕ್ಷೆ ದೊಡ್ಡದಾಗುತ್ತದೆ. ದೊಡ್ಡ ಕಕ್ಷೆಗೆ ಒಂದು ಸುತ್ತು ಹಾಕಲು ಜಾಸ್ತಿ ಹೊತ್ತು ಬೇಕು. ಹಾಗಾಗಿ ಹಿಂದೆ ಬೀಳುತ್ತೀರಿ. ಮುಂದಿನವರನ್ನು ಹಿಡಿಯಬೇಕಾದರೆ ವೇಗ ಕಡಿಮೆ ಮಾಡಿ, ಕೆಳಗಿಳಿದು, ಚಿಕ್ಕ ಕಕ್ಷೆಯಲ್ಲಿ ಬೇಗ ಸುತ್ತಿ, ಆಮೇಲೆ ಮತ್ತೆ ಮೇಲೇರಬೇಕು. ನಿಜವಾದ ಗಗನಯಾತ್ರಿಗಳೂ ಇದನ್ನೇ ಮಾಡುತ್ತಾರೆ. ಪುಸ್ತಕದಲ್ಲಿ ಓದಿದರೆ ಇದು ಬಾಯಿಪಾಠ ಆಗುತ್ತದೆ. ಆಟದಲ್ಲಿ ಸೋತರೆ ಮರೆಯುವುದಿಲ್ಲ.

ಈಗ ಚಂದ್ರಯಾನ-3 ನೆನಪು ಮಾಡಿಕೊಳ್ಳಿ. 2023ರ ಜುಲೈ 14ರಂದು ಹೊರಟಿತು, ಆಗಸ್ಟ್ 5ಕ್ಕೆ ಚಂದ್ರನ ಕಕ್ಷೆ ಸೇರಿತು. 1969ರಲ್ಲಿ ಅಪೊಲೊ 11 ಮೂರೇ ದಿನಕ್ಕೆ ತಲುಪಿತ್ತು. ಅವರ ಹತ್ತಿರ ದೈತ್ಯ ರಾಕೆಟ್ ಇತ್ತು. ನಮ್ಮವರು ಚಿಕ್ಕ ರಾಕೆಟ್ಟಿನಲ್ಲಿ, ಭೂಮಿಗೆ ತೀರ ಹತ್ತಿರ ಬಂದಾಗಲೆಲ್ಲ ಸ್ವಲ್ಪ ಎಂಜಿನ್ ಹಚ್ಚಿ ಕಕ್ಷೆಯನ್ನು ಹಿಗ್ಗಿಸುತ್ತಾ ಹೋದರು. ಹತ್ತಿರ ಬಂದಾಗಲೇ ಯಾಕೆ? ಅಲ್ಲಿ ವೇಗ ಜಾಸ್ತಿ ಇರುತ್ತದೆ. ಸೆಕೆಂಡಿಗೆ 1000 ಮೀಟರ್ ಹೋಗುತ್ತಿರುವಾಗ ವೇಗ 100 ಹೆಚ್ಚಿಸಿದರೆ ಪ್ರತಿ ಕಿಲೋಗೆ 1,05,000 ಜೂಲ್ ಚಲನ ಶಕ್ತಿ ಸೇರುತ್ತದೆ. 7000 ಮೀಟರ್ ಹೋಗುತ್ತಿರುವಾಗ ಅದೇ 100 ಹೆಚ್ಚಿಸಿದರೆ 7,05,000 ಜೂಲ್. ಹೆಚ್ಚು ಕಡಿಮೆ ಏಳು ಪಟ್ಟು, ಆದರೆ ಖರ್ಚಾಗುವ ಇಂಧನ ಎರಡು ಸಲವೂ ಒಂದೇ. ಕರ್ಬಲ್‌ನಲ್ಲಿ ಎರಡೂ ರೀತಿ ಮಾಡಿ ಇಂಧನ ಎಷ್ಟು ಉಳಿಯಿತು ಅಂತ ನೋಡಿ. ಒಂದು ಎಚ್ಚರ ಇರಲಿ: ಆಟದ ಗ್ರಹ ಕರ್ಬಿನ್ ನಮ್ಮ ಭೂಮಿಗಿಂತ ಬಹಳ ಚಿಕ್ಕದು, ಅದರ ತ್ರಿಜ್ಯ 600 ಕಿಲೋಮೀಟರ್ ಮಾತ್ರ. ಅದಕ್ಕೇ ಅಲ್ಲಿ ಕೆಳ ಕಕ್ಷೆಗೆ ಸೆಕೆಂಡಿಗೆ ಸುಮಾರು 2.3 ಕಿಲೋಮೀಟರ್ ವೇಗ ಸಾಕು, ಭೂಮಿಗೆ ಸುಮಾರು 7.8 ಬೇಕು. ಒಳ್ಳೆಯ ಕಂಪ್ಯೂಟರ್ ಇಲ್ಲದ ಗೆಳೆಯರಿದ್ದರೆ ಮೊಬೈಲಿನಲ್ಲಿ ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್ ಆಡಲಿ, ಕಕ್ಷೆಯ ಈ ಪಾಠ ಅದರಲ್ಲೂ ಸಿಗುತ್ತದೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಂಪ್ಯೂಟರ್‌ಗಳು ಕೆಟ್ಟು ನಿಂತಿವೆ, ಇಂಟರ್‌ನೆಟ್ ಬರುತ್ತೆ ಹೋಗುತ್ತೆ. ನನ್ನ ಫೋನು, ಒಂದು ಪ್ರೊಜೆಕ್ಟರ್ ಇದೆ. ಇಷ್ಟರಲ್ಲಿ ಗೇಮ್ ಬಳಸಿ ಚಲನೆಯ ಪಾಠ ಮಾಡಬಹುದಾ?
— ಶಿಕ್ಷಕಿ, ಕೊಪ್ಪಳ ತಾಲ್ಲೂಕು

ಮೇಡಂ, ಇಷ್ಟಿದ್ದರೆ ಧಾರಾಳ. ಮಕ್ಕಳಿಗೆಲ್ಲ ಒಂದೊಂದು ಪರದೆ ಕೊಡುವುದಕ್ಕಿಂತ ಇಡೀ ಕ್ಲಾಸಿಗೆ ಒಂದೇ ಪರದೆ ಇದ್ದರೆ ಒಳ್ಳೆಯದು ಅಂತಲೇ ನನಗೆ ಅನಿಸುತ್ತದೆ, ಯಾಕಂದ್ರೆ ಆಗ ವಾದ ಹುಟ್ಟುತ್ತದೆ.

ಪೇಟೆಯ ಗೇಮ್‌ಗಿಂತ ಫೆಟ್ (PhET) ಸಿಮ್ಯುಲೇಶನ್‌ಗಳಿಂದ, ಅಂದ್ರೆ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಪ್ರೋಗ್ರಾಂಗಳಿಂದ ಶುರು ಮಾಡಿ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ್ದು. ಪೂರ್ತಿ ಉಚಿತ, ಜಾಹೀರಾತು ಇಲ್ಲ, ಕೆಲವು ಕನ್ನಡದಲ್ಲೂ ಸಿಗುತ್ತವೆ. ಇಂಟರ್‌ನೆಟ್ ಇರುವ ಕಡೆ ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್‌ನೆಟ್ ಬೇಡ. ಅದರಲ್ಲಿ ತೋಪಿನಿಂದ ಗುಂಡು ಹಾರಿಸುವುದು ಒಂದಿದೆ. ಕೋನ, ವೇಗ, ಗಾಳಿಯ ತಡೆ ಎಲ್ಲವನ್ನೂ ಬದಲಿಸಬಹುದು. ಆಟದ ಗುಣ ಇದೆ, ಜೊತೆಗೆ ಅಳೆಯುವ ಟೇಪೂ ಇದೆ.

ಗುಂಡು ಹಾರಿಸುವ ಮೊದಲು ನಿಲ್ಲಿಸಿ. ಇದೇ ಮುಖ್ಯ ಮೇಡಂ, ಉಳಿದದ್ದೆಲ್ಲ ಹೇಗೆ ಮಾಡಿದರೂ ನಡೆಯುತ್ತದೆ. ವೇಗ ಒಂದೇ ಇಟ್ಟು, 30 ಡಿಗ್ರಿಗೆ ಹಾರಿಸಿದರೆ ದೂರ ಹೋಗುತ್ತಾ, 60ಕ್ಕಾ ಅಂತ ಕೇಳಿ. ಪ್ರತಿಯೊಬ್ಬರೂ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆಯಬೇಕು, ಕಾರಣ ಸಮೇತ. ಪಕ್ಕದವರ ಜೊತೆ ಜಗಳ ಆಡಲಿ. ಆಮೇಲೆ ಹಾರಿಸಿ. ಗಾಳಿಯ ತಡೆ ಇಲ್ಲದಿದ್ದರೆ, ತೋಪು ನೆಲಮಟ್ಟದಲ್ಲಿದ್ದರೆ, ಎರಡೂ ಒಂದೇ ಕಡೆ ಬೀಳುತ್ತವೆ. ಆ ಕ್ಷಣದ ಗದ್ದಲವನ್ನು ಸುಮ್ಮನಾಗಿಸಬೇಡಿ, ಯಾಕೆ ಅಂತ ಅವರೇ ಕೇಳುವ ತನಕ ಕಾಯಿರಿ. ಒಂದು ಹೆಚ್ಚು ಹೊತ್ತು ಮೇಲಿತ್ತು, ಆದರೆ ಮುಂದೆ ನಿಧಾನ ಹೋಯಿತು, ಇನ್ನೊಂದು ಬೇಗ ಬಿತ್ತು, ಆದರೆ ಮುಂದೆ ಜೋರಾಗಿ ಹೋಯಿತು ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ನೀವು ಹೇಳಿಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ಆಮೇಲೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಪರದೆ ತೋರಿಸಿದ್ದು ಯಾರೋ ಬರೆದ ಲೆಕ್ಕ, ನಿಜ ಹೌದೋ ಅಲ್ಲವೋ ನೆಲದ ಮೇಲೆ ನೋಡಬೇಕು. ಶಾಲೆಯ ಗಿಡಗಳಿಗೆ ನೀರು ಬಿಡುವ ಪೈಪ್ ಸಾಕು, ನೀರು ಹೇಗೂ ಗಿಡಕ್ಕೇ ಹೋಗಲಿ. ದೊಡ್ಡ ಕೋನಮಾಪಕ ಹಿಡಿದು 30, 45, 60 ಡಿಗ್ರಿಗೆ ಪೈಪ್ ಇಟ್ಟು, ನೀರು ಬಿದ್ದ ಜಾಗಕ್ಕೆ ಒಂದೊಂದು ಕಲ್ಲು ಇಡಿಸಿ. ಪೈಪಿನ ಬಾಯಿ ನೆಲಮಟ್ಟದಲ್ಲೇ ಇರಲಿ. ನಿಂತು ಹಿಡಿದರೆ ನೀರು ಕೆಳಗೆ ಬೀಳಲು ಜಾಸ್ತಿ ಜಾಗ ಸಿಗುತ್ತದೆ, ಆಗ 45ಕ್ಕಿಂತ ಕಡಿಮೆ ಕೋನದಲ್ಲೇ ನೀರು ದೂರ ಹೋಗುತ್ತದೆ, 30 ಮತ್ತು 60ರ ಕಲ್ಲುಗಳು ಒಂದೇ ಕಡೆ ಬರುವುದಿಲ್ಲ. ನೆಲಕ್ಕೇ ಇಟ್ಟರೂ ಎರಡು ಕಲ್ಲು ಕರಾರುವಾಕ್ಕಾಗಿ ಒಂದೇ ಕಡೆ ಬರದಿದ್ದರೆ ಗಾಳಿಯ ತಡೆಯ ಪಾಠಕ್ಕೆ ಅಲ್ಲಿಂದಲೇ ಹೋಗಿ. ಫೆಟ್‌ನಲ್ಲೂ ಅದಕ್ಕೆ ಒಂದು ಬಟನ್ ಇದೆ, ಮರುದಿನ ಅದನ್ನು ಒತ್ತಿ ತೋರಿಸಿ.